ಕುತ್ತಿಗೆ ನೋವು: ಮಾತ್ರೆಗಿಂತ ಬಲ ಮೇಲು



ದ್ರಾಕ್ಷಿ ತೋಟದಲ್ಲಿ ಅಕ್ಟೋಬರ್ ಚಾಟ್ನಿ ಮುಗಿದು ಥಿನ್ನಿಂಗ್ ಕೆಲಸ ಶುರುವಾಯಿತೆಂದರೆ ನಾವು ಮನೆ ಭೇಟಿಗೆ ಹೋದಲ್ಲೆಲ್ಲ ಒಂದೇ ದೂರು: "ಫಾದರ್, ಕುತ್ತಿಗಿ ಹಿಡದೈತ್ರಿ." ಮಿರಜ, ತಾಸಗಾಂವ, ಜತ್ತ ಕಡೆಯ ನಮ್ಮ ಜನರಿಗೆ ಇದು ಹೊಸದಲ್ಲ. ಚಪ್ಪರದ ಕೆಳಗೆ ದಿನವಿಡೀ ತಲೆ ಎತ್ತಿ ನಿಲ್ಲಬೇಕು. ಕಬ್ಬಿನ ಸುಗ್ಗಿಯಲ್ಲಿ ತಲೆಯ ಮೇಲೆ ಹೊರೆ ಹೊರಬೇಕು. ಅರಿಸಿನ ಕೀಳುವಾಗ ತಲೆ ಬಗ್ಗಿಸಿಯೇ ಇರಬೇಕು. ಮೇಲೆ ನೋಡಿದರೂ ಕೆಳಗೆ ನೋಡಿದರೂ ಕಷ್ಟ ಕುತ್ತಿಗೆಗೇ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಇದೇ ನೋವನ್ನು ನಮ್ಮಲ್ಲಿ ಹೇಳಿಕೊಂಡಾಗ, "ಸ್ವಾಮಿಯ ಶಿಲುಬೆಗೆ ಒಪ್ಪಿಸಿ ತಾಳಿಕೊಳ್ಳಿ" ಎಂದಷ್ಟೇ ಹೇಳಿ ಕಳಿಸಿದೆವು. ಆಕೆ ತಾಳಿಕೊಂಡರು. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾಲೂ ನುಂಗುತ್ತಾ ತಾಳಿಕೊಂಡರು. ಕೊನೆಗೆ ಹೊಟ್ಟೆಯಲ್ಲಿ ಹುಣ್ಣಾಗಿ ಆಸ್ಪತ್ರೆ ಸೇರಿದಾಗಲೇ ನಮಗೆ ವಿಷಯ ತಿಳಿದದ್ದು. ತಪ್ಪು ನಮ್ಮದೂ ಹೌದು. ತಡೆಯಬಹುದಾದ ನೋವನ್ನು ತಡೆಯದೆ ಬಿಡುವುದು ಭಕ್ತಿಯಲ್ಲ. ಆದ್ದರಿಂದ ಈ ಸಲದ ಪಾಠ ಕುತ್ತಿಗೆಯ ಕುರಿತು.

ನೋವು ಏಕೆ ಬರುತ್ತದೆ?

ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಅದನ್ನು ಹೊತ್ತಿರುವುದು ಕುತ್ತಿಗೆಯ 7 ಮಣಿಗಳು ಮತ್ತು ಅವುಗಳ ಸುತ್ತಲಿನ ಸ್ನಾಯುಗಳು. ತಲೆ ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳು ಹೆಚ್ಚು ಎಳೆಯಬೇಕಾಗುತ್ತದೆ. ತುಂಬಿದ ಕೊಡವನ್ನು ಮೈಗೆ ಒತ್ತಿ ಹಿಡಿದರೆ ಹಗುರ, ಕೈ ಚಾಚಿ ಹಿಡಿದರೆ ಭಾರ, ಹಾಗೆಯೇ ಇದು. ನೋವು 3 ತಿಂಗಳಿಗಿಂತ ಹೆಚ್ಚು ಉಳಿದರೆ ಅದನ್ನು ಹಳೆಯ ನೋವು ಎನ್ನುತ್ತಾರೆ. ಆಗ ಕುತ್ತಿಗೆಯ ಒಳಗಿನ ಸಣ್ಣ ಸ್ನಾಯುಗಳು ಹೆಚ್ಚಾಗಿ ದುರ್ಬಲವಾಗಿರುತ್ತವೆ. ನೋವಿಗೆ ಹೆದರಿ ಅಲುಗಾಡಿಸದೆ ಇಟ್ಟರೆ ಇನ್ನಷ್ಟು ದುರ್ಬಲವಾಗುತ್ತವೆ. ಕುತ್ತಿಗೆ ಪಟ್ಟಿಯನ್ನು ತಿಂಗಳುಗಟ್ಟಲೆ ಕಟ್ಟಿಕೊಂಡರೂ ಫಲ ಇದೇ.

"ದಿನವಿಡೀ ದುಡಿಯುವವರಿಗೆ ವ್ಯಾಯಾಮ ಏಕೆ?" ಎಂದು ನೀವು ಕೇಳಬಹುದು. ದುಡಿಮೆ ಕೆಲವು ಸ್ನಾಯುಗಳನ್ನು ಮಾತ್ರ ದಣಿಸುತ್ತದೆ, ಉಳಿದವನ್ನು ಮರೆಯುತ್ತದೆ. ಒಂದೇ ಬೆಳೆ ಬೆಳೆದ ಹೊಲ ಸೊರಗುವುದಿಲ್ಲವೇ? ಫಿನ್ಲೆಂಡ್ ದೇಶದ ವೈದ್ಯರು ಹಳೆಯ ಕುತ್ತಿಗೆ ನೋವಿದ್ದ 180 ಮಹಿಳೆಯರನ್ನು 3 ಗುಂಪು ಮಾಡಿ ಒಂದು ವರ್ಷ ನೋಡಿ, 2003ರಲ್ಲಿ ಫಲವನ್ನು ಪ್ರಕಟಿಸಿದರು. ಕುತ್ತಿಗೆಗೆ ಬಲ ಕೊಡುವ ವ್ಯಾಯಾಮ ಮಾಡಿದ ಎರಡು ಗುಂಪುಗಳಲ್ಲಿ, ಮೈ ಎಳೆಯುವ ವ್ಯಾಯಾಮ ಮತ್ತು ನಡಿಗೆಯಂಥ ಚಟುವಟಿಕೆಯ ಸಲಹೆಯಷ್ಟೇ ಪಡೆದ ಗುಂಪಿಗಿಂತ ನೋವು ಹೆಚ್ಚು ಕಡಿಮೆಯಾಯಿತು. ಅವರು ಕಚೇರಿ ಕೆಲಸದವರು, ನಾವು ಹೊಲದವರು. ಆದರೆ ಕುತ್ತಿಗೆಯ ರಚನೆ ಎಲ್ಲರಿಗೂ ಒಂದೇ.

ಮೊದಲು ವೈದ್ಯರನ್ನು ಕಾಣಬೇಕಾದವರು

ನೋವು ತೋಳಿಗೆ ಇಳಿದು ಕೈ ಜೋಮು ಹಿಡಿಯುವವರು, ಕೈಯಿಂದ ವಸ್ತು ಜಾರಿ ಬೀಳುವವರು, ನಡೆಯುವಾಗ ಕಾಲು ತಡವರಿಸುವವರು, ಮೂತ್ರದ ಹಿಡಿತ ತಪ್ಪಿದವರು, ಮರದಿಂದಲೋ ಗಾಡಿಯಿಂದಲೋ ಬಿದ್ದವರು, ಜ್ವರ ಅಥವಾ ತೂಕ ಇಳಿಕೆ ಇರುವವರು ವ್ಯಾಯಾಮ ಆರಂಭಿಸಬಾರದು. ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಬೇಕು. ಕುತ್ತಿಗೆ ನೋವಿನೊಂದಿಗೆ ಎದೆ ಬಿಗಿದು ಬೆವರು ಬಂದರೆ ಅದು ಹೃದಯದ ತೊಂದರೆ ಇರಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ನಮ್ಮ ಮಿರಜವು 1894ರಲ್ಲಿ ಡಾ. ವಾನ್ಲೆಸ್ ಅವರು ಆಸ್ಪತ್ರೆ ತೆರೆದ ಊರು. 1962ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಇಷ್ಟು ಹತ್ತಿರದಲ್ಲಿ ವೈದ್ಯರಿರುವಾಗ ಕ್ಷೌರದ ಅಂಗಡಿಯಲ್ಲಿ ಕುತ್ತಿಗೆ ತಿರುವಿಸಿ ಲಟಕ್ ಎನಿಸಿಕೊಳ್ಳುವುದು ಬೇಡ. ಮೆದುಳಿಗೆ ಹೋಗುವ ರಕ್ತನಾಳಕ್ಕೆ ಅದರಿಂದ ಪೆಟ್ಟಾಗಬಹುದು.

ಐದು ವ್ಯಾಯಾಮಗಳು

1. ಗದ್ದ ಒಳಗೆ: ಚಾಪೆಯ ಮೇಲೆ ಅಂಗಾತ ಮಲಗಿ, ತಲೆಯ ಕೆಳಗೆ ಮಡಚಿದ ಟುವಾಲು ಇಟ್ಟುಕೊಳ್ಳಿ. ತಲೆ ಎತ್ತದೆ, "ಹೌದು" ಎಂದು ತಲೆಯಾಡಿಸುವಂತೆ ಗದ್ದವನ್ನು ಮೆಲ್ಲಗೆ ಗಂಟಲಿನತ್ತ ತನ್ನಿ. 5 ಎಣಿಸುವವರೆಗೆ ಹಿಡಿದು ಬಿಡಿ. 10 ಸಲ.

2. ಕೈ ಒತ್ತು: ನೆಟ್ಟಗೆ ಕುಳಿತು ಅಂಗೈಯನ್ನು ಹಣೆಗೆ ಇಡಿ. ಹಣೆ ಕೈಯನ್ನು ಒತ್ತಲಿ, ಕೈ ಹಣೆಯನ್ನು ಒತ್ತಲಿ. ತಲೆ ಮಾತ್ರ ಕದಲಬಾರದು. ಅರ್ಧ ಶಕ್ತಿ ಸಾಕು. 5 ಎಣಿಸಿ ಬಿಡಿ. ಹೀಗೆಯೇ ತಲೆಯ ಹಿಂದೆ, ಎಡಕ್ಕೆ, ಬಲಕ್ಕೆ. ಒಂದೊಂದು ಕಡೆ 5 ಸಲ. ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಇರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

3. ಹೆಗಲ ಹಲಗೆ: ಬೆನ್ನಿನ ಮೇಲಿನ ಎರಡೂ ಹೆಗಲ ಎಲುಬುಗಳನ್ನು ಒಂದಕ್ಕೊಂದು ಹತ್ತಿರ ತಂದು 5 ಎಣಿಸಿ ಸಡಿಲಿಸಿ. 10 ಸಲ.

4. ಟ್ಯೂಬು ಎಳೆತ: ಹಳೆಯ ಸೈಕಲ್ ಟ್ಯೂಬನ್ನು ಗಟ್ಟಿ ಕಂಬಕ್ಕೆ ಎದೆಯ ಎತ್ತರದಲ್ಲಿ ಸುತ್ತಿ, ಎರಡೂ ತುದಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ತಾಗಿಸಿ ಹಿಂದಕ್ಕೆ ಎಳೆಯಿರಿ. 10 ಸಲ ಎಳೆದು, ದಣಿವಾರಿಸಿಕೊಂಡು ಮತ್ತೆ 10 ಸಲ. ಬಿರುಕು ಬಿಟ್ಟ ಟ್ಯೂಬು ಬೇಡ.

5. ಭುಜ ಎತ್ತು: ಎರಡೂ ಕೈಯಲ್ಲಿ 1 ಲೀಟರ್ ನೀರಿನ ಬಾಟಲಿ ಹಿಡಿದು, ಭುಜಗಳನ್ನು ಕಿವಿಯತ್ತ ಎತ್ತಿ ನಿಧಾನವಾಗಿ ಇಳಿಸಿ. 10 ಸಲ.

ಮೊದಲ ಮೂರನ್ನು ದಿನಾಲೂ, ಕೊನೆಯ ಎರಡನ್ನು ವಾರಕ್ಕೆ 3 ದಿನ ಮಾಡಿ. ಆರಂಭದಲ್ಲಿ ಸ್ನಾಯು ಸ್ವಲ್ಪ ಮಿಡಿಯುವುದು ಸಹಜ. ಮರುದಿನವೂ ನೋವು ಏರಿಯೇ ಇದ್ದರೆ ಎಣಿಕೆಯನ್ನು ಅರ್ಧಕ್ಕೆ ಇಳಿಸಿ. ಕೈಗೆ ನೋವು ಹರಿದರೆ ನಿಲ್ಲಿಸಿ. ಬಿತ್ತಿದ ಮರುವಾರ ರಾಶಿ ಮಾಡಲಾಗದು. ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು. ನೋವು ಇಳಿದ ಮೇಲೂ ಬಿಡಬಾರದು.

ಕೆಲಸದ ರೀತಿ ಬದಲಿಸಿ

ವ್ಯಾಯಾಮ ಬೆಳಿಗ್ಗೆ ಕಾಲು ಗಂಟೆ, ಕೆಲಸ ಎಂಟು ಗಂಟೆ. ಆದ್ದರಿಂದ ಕೆಲಸದ ರೀತಿಯೂ ಬದಲಾಗಬೇಕು. ಥಿನ್ನಿಂಗ್ ಮಾಡುವಾಗ ಗಟ್ಟಿ ಮಣೆಯ ಮೇಲೆ ನಿಂತರೆ ಗೊನೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ತಲೆ ಇಳಿಸಿ ಎರಡು ನಿಮಿಷ ಬೇರೆ ಕೆಲಸ ಮಾಡಿ. 16 ಲೀಟರಿನ ಬೆನ್ನಿನ ಪಂಪನ್ನು ಪೂರ್ತಿ ತುಂಬದೆ, ಎರಡೂ ಪಟ್ಟಿ ಹಾಕಿಕೊಂಡು ಹೊರಿ. ಒಂದು ದೊಡ್ಡ ಹೊರೆಯನ್ನು ಎರಡು ಸಣ್ಣ ಹೊರೆ ಮಾಡಿ. ಎತ್ತಲು, ಇಳಿಸಲು ಇನ್ನೊಬ್ಬರ ಕೈ ಇರಲಿ. ಮಲಗುವಾಗ ಎರಡು ದಿಂಬು ಬೇಡ, ಒಂದು ಸಾಕು.

ಕೊನೆಯ ಮಾತು ಮನೆಯ ಗಂಡಸರಿಗೆ. ಹೊಲದಿಂದ ಬಂದ ಮೇಲೂ ನೀರಿನ ಕೊಡ, ಮೇವಿನ ಹೊರೆ ಯಾರ ತಲೆಯ ಮೇಲಿರುತ್ತವೆ ಎಂದು ಒಂದು ಸಂಜೆ ಕುಳಿತು ನೋಡಿ. ಯೇಸುಸ್ವಾಮಿ ಕೂಡ ತಮ್ಮ ಶಿಲುಬೆಯನ್ನು ಕೊನೆಯವರೆಗೆ ಒಬ್ಬರೇ ಹೊರಲಿಲ್ಲ. ಹಳ್ಳಿಗಾಡಿನಿಂದ ಬರುತ್ತಿದ್ದ ಸಿರೇನ್ಯದ ಸಿಮೋನನು ಹೆಗಲು ಕೊಟ್ಟನೆಂದು ಶುಭಸಂದೇಶ ಹೇಳುತ್ತದೆ. ಶಿಲುಬೆ ಹಾದಿಯ ಐದನೆಯ ಸ್ಥಳದಲ್ಲಿ ಮೊಣಕಾಲೂರುವ ನಾವು ಮನೆಯಲ್ಲಿಯೂ ಆ ಸಿಮೋನನಾಗೋಣ. ಮೇಲೆ ಹೇಳಿದ ತಾಯಿ ಈಗ ಹಜಾರದ ಕಂಬಕ್ಕೆ ಟ್ಯೂಬು ಕಟ್ಟಿದ್ದಾರೆ. ನೀರಿನ ಕೊಡವನ್ನು ಮಗ ಹೊರುತ್ತಾನೆ. ನೋವು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತಿದೆ, ಮಾತ್ರೆ ನಿಂತಿದೆ. ದೇವರು ನಿಮ್ಮ ದುಡಿಮೆಯನ್ನೂ, ದುಡಿಯುವ ನಿಮ್ಮ ದೇಹವನ್ನೂ ಆಶೀರ್ವದಿಸಲಿ.