ಇದು ಕುಂಕುಮದ ಭರಣಿಯಲ್ಲ



ಗುರುಗಳೋ ಉಪದೇಶಿಗಳೋ ಇದ್ದ ಮನೆಗಳ ಹಳೆಯ ಪೆಟ್ಟಿಗೆಯಲ್ಲಿ, ದೇವಾಲಯದ ಕಪಾಟಿನ ಮೂಲೆಯಲ್ಲಿ, ಒಂದು ವಿಚಿತ್ರವಾದ ಬೆಳ್ಳಿಯ ವಸ್ತು ಸಿಗುವುದುಂಟು. ಹೆಬ್ಬೆರಳಿನಷ್ಟು ಗಾತ್ರ. ಮೂರು ಪುಟ್ಟ ಬಟ್ಟಲುಗಳು ತಿರುಪಿನಿಂದ ಒಂದರ ಮೇಲೊಂದು ಕೂಡಿಕೊಂಡಿರುತ್ತವೆ. ಮೇಲೆ ಶಿಲುಬೆಯ ಮುಚ್ಚಳ. ಕಂಡವರು ಕುಂಕುಮದ ಭರಣಿ ಎನ್ನುತ್ತಾರೆ, ನಸ್ಯದ ಡಬ್ಬಿ ಎನ್ನುತ್ತಾರೆ. ಕೊನೆಗೆ ಅದು ಬೆಳ್ಳಿ ಅಂಗಡಿಯ ತಕ್ಕಡಿಗೆ ಹೋಗಿ, ತೂಕಕ್ಕೆ ಮಾರಾಟವಾಗಿ ಕರಗಿಬಿಡಬಹುದು. ಹಾಗಾಗದಂತೆ ಅದನ್ನು ಗುರುತಿಸಲು ಕಲಿಯೋಣ.

1. ಅಕ್ಷರಗಳನ್ನು ನೋಡಿ

ಇದು ಪವಿತ್ರ ತೈಲಗಳ ಪಾತ್ರೆ. ಪ್ರತಿ ಬಟ್ಟಲಿನ ಮೇಲೂ ಲತೀನ್ ಅಕ್ಷರಗಳನ್ನು ಕೆತ್ತಿರುತ್ತಾರೆ. 'ಎಸ್.ಸಿ.' ಎಂದರೆ ಕ್ರಿಸ್ಮ ತೈಲ: ಜ್ಞಾನಸ್ನಾನದ ನಂತರ, ದೃಢೀಕರಣದಲ್ಲಿ, ಗುರುದೀಕ್ಷೆಯಲ್ಲಿ ಹಚ್ಚುವುದು. 'ಓ.ಎಸ್.' ಅಥವಾ 'ಓ.ಸಿ.' ಎಂದರೆ ದೀಕ್ಷಾರ್ಥಿಗಳ ತೈಲ: ಜ್ಞಾನಸ್ನಾನಕ್ಕೆ ಮುಂಚೆ ಹಚ್ಚುವುದು. 'ಓ.ಐ.' ಎಂದರೆ ರೋಗಿಗಳ ತೈಲ. ಕೆಲವು ಪಾತ್ರೆಗಳಿಗೆ ಉಂಗುರ ಇರುತ್ತದೆ. ಗುರುಗಳು ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಅಭ್ಯಂಗ ಮಾಡುತ್ತಿದ್ದರು. ಒಳಗೆ ಚಿನ್ನದ ಲೇಪ ಇರಬಹುದು, ಒಣಗಿದ ಹತ್ತಿಯೂ ಇರಬಹುದು. ಪ್ರಯಾಣದಲ್ಲಿ ತೈಲ ಚೆಲ್ಲದಿರಲೆಂದು ಹತ್ತಿಗೆ ಹೀರಿಸಿ ಒಯ್ಯುತ್ತಿದ್ದರು.

ಮೂರು ಬಟ್ಟಲುಗಳ ಬದಲು ಗಡಿಯಾರದಂಥ ಚಪ್ಪಟೆ ದುಂಡು ಡಬ್ಬಿ ಸಿಕ್ಕರೆ, ಅದು ರೋಗಿಗಳಿಗೆ ಪರಮಪ್ರಸಾದ ಒಯ್ಯುವ ಪಾತ್ರೆ ಇರಬಹುದು. ತೆಳು ತಗಡಿನ ಕಣ್ಣು, ಕೈ, ಕಾಲು, ತೊಟ್ಟಿಲು ಸಿಕ್ಕರೆ ಅವು ಹರಕೆಯ ಕಾಣಿಕೆಗಳು.

2. ಮುದ್ರೆಯನ್ನು ನೋಡಿ

ಸ್ಟರ್ಲಿಂಗ್ ಬೆಳ್ಳಿಯಲ್ಲಿ ನೂರಕ್ಕೆ 92.5 ಪಾಲು ಬೆಳ್ಳಿ. ಉಳಿದದ್ದು ಹೆಚ್ಚಾಗಿ ತಾಮ್ರ. '925' ಎಂಬ ಅಂಕಿ ಅದನ್ನೇ ಹೇಳುತ್ತದೆ. ನಡೆಯುವ ಸಿಂಹದ ಮುದ್ರೆ ಇದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್. ನಮ್ಮ ಧರ್ಮಕ್ಷೇತ್ರದಲ್ಲಿ ಫ್ರಾನ್ಸಿನ ಗುರುಗಳು ಸೇವೆ ಮಾಡಿದ್ದರಿಂದ ಮಿನರ್ವಾ ದೇವತೆಯ ತಲೆಯ ಮುದ್ರೆಯೂ ಕಾಣಬಹುದು. ಅದು 1838ರಿಂದ ಬಂದ ಫ್ರೆಂಚ್ ಮುದ್ರೆ. ಪಕ್ಕದಲ್ಲಿ 1 ಇದ್ದರೆ ಸಾವಿರಕ್ಕೆ 950 ಪಾಲು ಬೆಳ್ಳಿ, 2 ಇದ್ದರೆ 800. ಮುದ್ರೆ ಇಲ್ಲದ್ದು ಬೆಳ್ಳಿ ಲೇಪದ ಹಿತ್ತಾಳೆಯೂ ಆಗಿರಬಹುದು. ಆದರೂ ಅದು ಪವಿತ್ರವೇ. ಲೋಹದಿಂದಲ್ಲ, ಮಾಡಿದ ಸೇವೆಯಿಂದ.

3. ತೈಲ ಬಂದ ದಾರಿ

ರೋಗಿಗಳಿಗೆ ತೈಲ ಹಚ್ಚುವ ಪದ್ಧತಿ ಪ್ರೇಷಿತರ ಕಾಲದ್ದು (ಮಾರ್ಕ 6:13, ಯಕೋಬ 5:14-15). ಕ್ರಿಸ್ಮವನ್ನು ಧರ್ಮಾಧ್ಯಕ್ಷರು ಮಾತ್ರ ಪವಿತ್ರೀಕರಿಸಬಲ್ಲರು. ಹಾಗಾಗಿ ಧರ್ಮಾಧ್ಯಕ್ಷರಿಲ್ಲದ ನಾಡಿಗೆ ಅದು ಹೊರಗಿನಿಂದಲೇ ಬರಬೇಕು. 1846ರ ಅಕ್ಟೋಬರ್ 4ರಂದು ಕರುಮತ್ತಂಪಟ್ಟಿಯಲ್ಲಿ ಮರಿಯೋನ್ ಬ್ರೆಸಿಯಾಕ್ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ಕೊಯಮತ್ತೂರು 1886ರಲ್ಲಿ ಧರ್ಮಕ್ಷೇತ್ರವಾಯಿತು. ಇಂದು ಪ್ರತಿ ವರ್ಷ ಪವಿತ್ರ ವಾರದ ಸುಮಾರಿಗೆ ಧರ್ಮಾಧ್ಯಕ್ಷರು ಆಶೀರ್ವದಿಸಿದ ತೈಲವೇ ಎಲ್ಲ ಧರ್ಮಕೇಂದ್ರಗಳಿಗೂ ಹೋಗುತ್ತದೆ. ತಮಿಳಿನವರಿಗೆ, ಮಲಯಾಳದವರಿಗೆ, ಕನ್ನಡದ ನಮಗೆ ಬೇರೆ ಬೇರೆ ತೈಲವಿಲ್ಲ.

4. ಮನೆಯಲ್ಲಿ ಸಿಕ್ಕರೆ

ಮಾರಬೇಡಿ, ಕರಗಿಸಬೇಡಿ, ಕುಂಕುಮ ತುಂಬಬೇಡಿ. ಆಶೀರ್ವದಿಸಿದ ಪೂಜಾ ವಸ್ತುವು ಖಾಸಗಿಯವರ ಕೈಯಲ್ಲಿದ್ದರೂ ಲೌಕಿಕ ಬಳಕೆಗೆ ಸಲ್ಲದೆಂದು ಧರ್ಮಸಭೆಯ ಕಾನೂನು ಹೇಳುತ್ತದೆ (ಕಲಂ 1171). ಹಳೆಯ ಹತ್ತಿಯನ್ನು ಕಸಕ್ಕೆ ಎಸೆಯದೆ ಗುರುಗಳಿಗೆ ಕೊಡಿ. ಅದನ್ನು ಸುಡುವುದು ಕ್ರಮ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಅಕ್ಷರವೂ ಮುದ್ರೆಯೂ ಅಳಿಸುತ್ತವೆ. ಯಾರಿಂದ, ಯಾವ ಊರಿನಿಂದ ಬಂತೆಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಈಗ ಬರೆಯದಿದ್ದರೆ ಅವರ ನಂತರ ಹೇಳುವವರಿಲ್ಲ.

ಪಾತ್ರೆಯನ್ನು ಕಾಪಾಡಿ ತೈಲವನ್ನು ಮರೆತರೆ ಪ್ರಯೋಜನವಿಲ್ಲ. ರೋಗಿಗಳ ಅಭ್ಯಂಗ ಸಾಯುವವರಿಗೆ ಮಾತ್ರ ಎಂದು ಹೆದರಿ ಅನೇಕರು ಗುರುಗಳನ್ನು ಕರೆಯುವಾಗ ಅಜ್ಜ ಅಜ್ಜಿಯರಿಗೆ ಪ್ರಜ್ಞೆಯೇ ಇರುವುದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ, ಮುಪ್ಪಿನಿಂದ ಬಲ ಕುಂದಿದಾಗ, ಕಾಯಿಲೆ ಗಂಭೀರವಾದಾಗಲೇ ಕರೆಯಿರಿ. ಗುರುಗಳಿಗೆ ಕನ್ನಡ ಬಾರದಿದ್ದರೆ, ಅವರ ಅಪ್ಪಣೆ ಕೇಳಿ ಮನೆಯವರೇ ವಾಚನವನ್ನು ಕನ್ನಡದಲ್ಲಿ ಓದಿ. ಮಲಗಿದವರು ತಮ್ಮ ಮಾತಿನಲ್ಲಿ 'ಆಮೆನ್' ಹೇಳುವಂತಾಗಲಿ.

ಚಿಂತನೆಗೆ

1. ನಮ್ಮ ಮನೆಯಲ್ಲಿ ಇಂಥ ಪೂಜಾ ವಸ್ತುಗಳಿವೆಯೇ? ಅವುಗಳ ಕಥೆ ಯಾರಿಗೆ ಗೊತ್ತು?
2. ನಮ್ಮ ಬೀದಿಯಲ್ಲಿ ಅಭ್ಯಂಗಕ್ಕಾಗಿ ಕಾಯುತ್ತಿರುವ ರೋಗಿ ಯಾರು? ಗುರುಗಳಿಗೆ ತಿಳಿಸಿದ್ದೇವೆಯೇ?