ಕಂಡದ್ದನ್ನು ಬರೆಯುವ ಪಾಠ

"ನಿಮಗಿಷ್ಟವಾದ ಚಿತ್ರ ಬರೆಯಿರಿ" ಎಂದು ಯಾವ ಊರಿನ ಶಾಲೆಯಲ್ಲಿ ಹೇಳಿದರೂ ಬಹುಪಾಲು ಮಕ್ಕಳ ಹಾಳೆಯಲ್ಲಿ ಅದೇ ಮೂರು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ಗುಡಿಸಲು, ತೆಂಗಿನಮರ. ಚಿತ್ರಕಲಾ ಶಿಕ್ಷಕಿಯ ತರಬೇತಿಗೆಂದು ಸಾಗರ ತಾಲ್ಲೂಕಿನ ಶಾಲೆಯೊಂದರಲ್ಲಿ ಅಭ್ಯಾಸ ಪಾಠ ಮಾಡುವಾಗ ನನಗೆ ಸಿಕ್ಕಿದ್ದೂ ಇದೇ ಚಿತ್ರ. ಕಿಟಕಿಯಾಚೆ ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ. ಹಾಳೆಯಲ್ಲಿ ಯಾರೂ ಕಾಣದ ಊರು. ತಮ್ಮೂರನ್ನು ತಾವೇ ನೋಡಿ ಬರೆಯುವಂತೆ ಈ ಮಕ್ಕಳನ್ನು ಹುರಿದುಂಬಿಸುವುದು ಹೇಗೆ? ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಈ ಪ್ರಶ್ನೆಯ ಮುಂದಿಟ್ಟು ನೋಡಿದೆ.

ಕಲಾಶಾಲೆಯಲ್ಲಿ ಎಲ್ಲಕ್ಕಿಂತ ಮೊದಲು ಪಳಗಿದ್ದು ಕಣ್ಣು. ತಾಮ್ರದ ಬಿಂದಿಗೆ, ಬದನೆಕಾಯಿ, ನೆರಿಗೆ ಬಿದ್ದ ಬಟ್ಟೆ ಜೋಡಿಸಿಟ್ಟು, "ಬಿಂದಿಗೆ ಬಿಡಿ, ಅದರ ಸುತ್ತಲಿನ ಖಾಲಿ ಜಾಗ ಬರೆಯಿರಿ" ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಹಾಗೆ ಬರೆಯುತ್ತ ಹೋದಂತೆ, ತಲೆಯಲ್ಲಿ ಕೂತಿದ್ದ ಬಿಂದಿಗೆ ಬದಿಗೆ ಸರಿದು ಎದುರಿಗಿದ್ದ ಬಿಂದಿಗೆ ಕಾಣತೊಡಗಿತು. ಬಸ್ ಸ್ಟ್ಯಾಂಡಿನಲ್ಲಿ ಕೂತು ಸ್ಕೆಚ್ ಮಾಡುವುದೂ ಪಾಠದ ಭಾಗವೇ. ಬಸ್ಸು ಬಂದೊಡನೆ ಜನ ಎದ್ದುಬಿಡುತ್ತಾರೆ. ಅಷ್ಟರೊಳಗೆ ಬೆನ್ನಿನ ಬಾಗು, ಚೀಲದ ಭಾರಕ್ಕೆ ಓರೆಯಾದ ಭುಜ ಕಾಗದಕ್ಕೆ ಇಳಿಯಬೇಕು. ಸ್ಫೂರ್ತಿ ಬರಲಿ ಎಂದು ಕಾಯುವ ಅಭ್ಯಾಸ ನನಗೆ ಅಲ್ಲಿಯೇ ಬಿಟ್ಟುಹೋಯಿತು. ಪೆನ್ಸಿಲ್ ಓಡುತ್ತಿದ್ದರೆ ಮುಂದಿನ ಚಿತ್ರದ ಎಳೆ ಕೈಗೆ ಸಿಗುತ್ತದೆ.

ಮಕ್ಕಳ ಚಿತ್ರವನ್ನು ಓದಲು ಕಲಿಸಿದ್ದು ಕಲಾಶಿಕ್ಷಣ ತಜ್ಞ ವಿಕ್ಟರ್ ಲೊವೆನ್‌ಫೆಲ್ಡ್. 1947ರಲ್ಲಿ ಹೊರತಂದ ಪುಸ್ತಕದಲ್ಲಿ ಅವರು ಮಕ್ಕಳ ಚಿತ್ರ ಬೆಳೆಯುವ ಹಂತಗಳನ್ನು ಗುರುತಿಸಿದರು. 2ರಿಂದ 4 ವರ್ಷದವರೆಗೆ ಗೀಚಾಟ. ಸುಮಾರು 7ರಿಂದ 9ರ ವಯಸ್ಸಿನಲ್ಲಿ ನೆಲಕ್ಕೊಂದು ಗೆರೆ, ಗೋಡೆ ಇದ್ದರೂ ಒಳಗಿನವರೆಲ್ಲ ಕಾಣುವ ಮನೆ, ಮುಖ್ಯವಾದದ್ದು ದೊಡ್ಡದು. ನನ್ನ ತರಗತಿಯ ಹುಡುಗಿಯೊಬ್ಬಳು ಅಜ್ಜಿಯನ್ನು ಮನೆಗಿಂತ ಎತ್ತರ ಬರೆದಿದ್ದಳು. ಅವಳ ಪಾಲಿಗೆ ಅಜ್ಜಿ ಅಷ್ಟು ದೊಡ್ಡವಳು. ಅಳತೆ ತಪ್ಪೆಂದು ಅದನ್ನು ತಿದ್ದಿದರೆ ಮಗು ಮರುದಿನ ಮೂರು ಗುಡ್ಡಗಳ ಮೊರೆ ಹೋಗುತ್ತದೆ. ಆ ಚಿತ್ರದಲ್ಲಿ ಯಾರೂ ತಪ್ಪು ಹುಡುಕುವುದಿಲ್ಲವಲ್ಲ!

ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಆ ಹುಡುಗಿಯೇ ನನ್ನನ್ನು ಮನೆಗೆ ಕರೆದೊಯ್ದಳು. ಜಗಲಿಯಲ್ಲಿ ಅವಳಜ್ಜಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ಆಶ್ವಯುಜದ ಈ ಹುಣ್ಣಿಮೆಯಂದು ಗದ್ದೆಗೆ ಎಡೆ ಒಯ್ಯಲು ದೀವರ ಸಮುದಾಯದ ಹೆಂಗಸರು ಸಿಂಗರಿಸುವ ಭೂಮಣ್ಣಿ ಬುಟ್ಟಿ ಅದು. ಮೈಗೆಲ್ಲ ಕೆಮ್ಮಣ್ಣು, ಅದರ ಮೇಲೆ ಅರೆದ ಅಕ್ಕಿಯ ಬಿಳಿ ಗೆರೆ, ಕೈಯಲ್ಲಿ ಪುಂಡಿ ನಾರಿನ ಕುಂಚ. ಕಪ್ಪು ಬೇಕಾದರೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ನಾರನ್ನು ಬಟ್ಟಲಿನ ಅಂಚಿಗೆ ಒರೆಸಿ, ಎಡಗೈಯಲ್ಲಿ ಬುಟ್ಟಿ ತಿರುಗಿಸುತ್ತ, ಸ್ಕೇಲಿನ ಹಂಗಿಲ್ಲದೆ ಗೆರೆ ಎಳೆಯುತ್ತಿದ್ದರು. ಗೆರೆಗೂ ಗೆರೆಗೂ ನಡುವೆ ಬಿಟ್ಟ ಕೆಂಪು ಜಾಗ ಎಲ್ಲಿಯೂ ಹೆಚ್ಚುಕಡಿಮೆಯಾಗಲಿಲ್ಲ. "ಅಂಚು ಮೊದ್ಲು ಕಟ್ಕಂಡ್ರೆ ಒಳಗಿಂದು ತಾನೇ ಕೂತ್ಕಳ್ತದೆ, ಅಕ್ಕೋರೆ" ಅಂದರು. ಖಾಲಿ ಜಾಗ ನೋಡಿ ಎಂದ ಮೇಷ್ಟ್ರ ಮಾತು ಇಲ್ಲಿ ಬುಟ್ಟಿಯ ಮೈಮೇಲೆಯೇ ಇತ್ತು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಕಲಾವಿದ ನಂದಲಾಲ್ ಬೋಸ್ ಬರೆದ ಫಲಕಗಳಲ್ಲಿ ಹಳ್ಳಿಯ ಕಸುಬುದಾರರೂ ವಾದ್ಯಗಾರರೂ ಏಕೆ ತುಂಬಿದ್ದಾರೆಂಬುದು ನನಗೆ ಮನದಟ್ಟಾದದ್ದು ಆ ಜಗಲಿಯಲ್ಲಿ.

ಮುಂದಿನ ತರಗತಿಯಲ್ಲಿ ಬೋರ್ಡಿನ ಮೇಲೆ ನಾನೇನೂ ಬರೆಯಲಿಲ್ಲ. "ಬೆಳಿಗ್ಗೆ ಮನೆಯಿಂದ ಹೊರಟಾಗ ಮೊದಲು ಏನು ಕಂಡಿತು? ಯಾರ ಕೈಯಲ್ಲಿ ಏನಿತ್ತು?" ಎಂದು ಕೇಳುತ್ತ ಹೋದೆ. ಹಾಳೆಗಳಲ್ಲಿ ಕೊಟ್ಟಿಗೆ ಬಂತು, ಮರ ಹತ್ತುವ ಕೊನೆಗೌಡ ಬಂದ, ಬಚ್ಚಲ ಒಲೆಯ ಹೊಗೆ ಬಂತು.

ಈ ವೃತ್ತಿಗೆ ಬರುತ್ತಿರುವ ಗೆಳೆಯರಿಗೆ ನಾನು ಹೇಳುವುದಿಷ್ಟು. ನಕಲು ಮಾಡಲು ಚಿತ್ರ ಕೊಡುವ ಬದಲು ನೋಡಲು ವಸ್ತು ಕೊಡಿ, ಬಾಯಿಬಿಡಿಸುವ ಪ್ರಶ್ನೆ ಕೇಳಿ. ಊರಿನ ಚಿತ್ತಾರಗಿತ್ತಿಯರನ್ನು, ಕುಂಬಾರರನ್ನು ಗುರುಗಳೆಂದೇ ತರಗತಿಗೆ ಕರೆಯಿರಿ. ಮಕ್ಕಳು ಬರೆಯುವಾಗ ನೀವೂ ಪಕ್ಕದಲ್ಲಿ ಕೂತು ಬರೆಯಿರಿ. ಶಿಕ್ಷಕಿ ದಿನವೂ ನೋಡುತ್ತ, ಬರೆಯುತ್ತ ಇದ್ದರೆ ಅವಳ ಕಲೆಯೂ ಬತ್ತುವುದಿಲ್ಲ, ತಮ್ಮ ಕಣ್ಣನ್ನು ನಂಬುವ ಧೈರ್ಯ ಮಕ್ಕಳಿಗೂ ಬರುತ್ತದೆ.