ಸಣ್ಣ ವೈನರಿಯ ಕೆಂಪು ವೈನ್: ಕೇಸ್ ತರಿಸುವ ಮೊದಲು ಅಂಕ ಹಾಕಿ



ವೈನ್ ಲೈಸೆನ್ಸ್ ಇರುವ ನಮ್ಮ ಹೋಟೆಲುಗಳಲ್ಲಿ ಕರ್ನಾಟಕದ ಕೆಂಪು ವೈನ್ ಕೇಳುವ ಗಿರಾಕಿಗಳಿದ್ದಾರೆ. ನಂದಿ ಬೆಟ್ಟದ ಕಡೆ 1988ರಲ್ಲಿ ಶುರುವಾದ ಗ್ರೋವರ್ ದೊಡ್ಡ ಹೆಸರು. ಹಂಪಿ ಕಡೆಯ ಕ್ರಸ್ಮಾದಂಥ ಸಣ್ಣ ವೈನರಿಗಳೂ ಇವೆ. ಸಣ್ಣವರು ನಂಬುವುದು ತಮ್ಮ ತೋಟದ ದ್ರಾಕ್ಷಿಯನ್ನೇ. ಮಳೆ ಬಿಸಿಲು ಬದಲಾದರೆ ಆ ವರ್ಷದ ರುಚಿಯೂ ಬದಲಾಗುತ್ತದೆ. ಒಂದು ಕೇಸ್ ಎಂದರೆ 12 ಬಾಟಲಿ, 150 ಮಿ.ಲೀ.ನಂತೆ 60 ಗ್ಲಾಸ್. ಗಿರಾಕಿ ಅರ್ಧ ಕುಡಿದು ಬಿಟ್ಟರೆ ನಷ್ಟ ನಮ್ಮದೇ. ಆದ್ದರಿಂದ ಮೊದಲು ಒಂದೊಂದೇ ಬಾಟಲಿ ತಂದು ರುಚಿ ನೋಡಿ.

ತಯಾರಿ: ಬಾಟಲಿಗಳಿಗೆ ಕಾಗದ ಸುತ್ತಿ 1, 2, 3 ಎಂದು ಬರೆಯಿರಿ. ಬೆಲೆ, ಹೆಸರು ಯಾರಿಗೂ ತಿಳಿಯಬಾರದು. ರೂಮಿನ ಶಾಖದಲ್ಲಿ ಕೊಡಬೇಕೆಂಬ ಮಾತು ಯುರೋಪಿನ ಚಳಿ ಊರಿನದು. ನಮ್ಮ ಉಳ್ಳೂರಿನಲ್ಲಿ ರೂಮೇ 30 ಡಿಗ್ರಿ ಇರುತ್ತದೆ. ಕೆಂಪು ವೈನಿಗೆ 16ರಿಂದ 18 ಡಿಗ್ರಿ ಸಾಕು. ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. ಮೂರು ನಾಲ್ಕು ಜನ ಕುಳಿತು, ಮಾತಾಡದೆ ಅಂಕ ಬರೆಯಿರಿ. ಬಾಯಿಯಲ್ಲಿ ಆಡಿಸಿ ಉಗುಳಿ, ನುಂಗಬೇಡಿ.

ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಮಾಡಿದ 20 ಅಂಕದ ಪಟ್ಟಿ ಹೆಸರಾದದ್ದು. ನಮ್ಮ ಕೆಲಸಕ್ಕೆ ಅದನ್ನು ಹೀಗೆ ಸರಳ ಮಾಡಬಹುದು:

1. ಬಣ್ಣ (2): ತಿಳಿಯಾಗಿರಬೇಕು. ಹೊಸ ವೈನ್ ಕಂದು ಬಣ್ಣಕ್ಕೆ ತಿರುಗಿದ್ದರೆ ಗಾಳಿ ತಗುಲಿದೆ ಎಂದು ಅನುಮಾನಿಸಿ.
2. ವಾಸನೆ (5): ಹಣ್ಣಿನ ಘಮ ಇರಬೇಕು. ವಿನೆಗರ್ ವಾಸನೆ ಬಂದರೆ ಕೆಟ್ಟಿದೆ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕಿನ ದೋಷ. ಇನ್ನೊಂದು ಬಾಟಲಿ ತೆಗೆದು ನೋಡಿ.
3. ರುಚಿ (5): ಹುಳಿ, ಒಗರು, ಹಣ್ಣಿನ ರುಚಿ ಹದವಾಗಿರಬೇಕು. ನೇರಳೆ ಹಣ್ಣಿನಷ್ಟು ಒಗರು ಸರಿ, ಎಳೆ ಅಡಿಕೆಯಷ್ಟು ಬೇಡ.
4. ಉಳಿಕೆ (3): ನುಂಗದಿದ್ದರೂ ರುಚಿ ಬಾಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.
5. ಊಟದ ಜೊತೆ (5): ನಮ್ಮ ಅಡುಗೆಯ ಜೊತೆಗೇ ನೋಡಿ.

ಐದನೆಯದನ್ನು ಬಿಡಬೇಡಿ. ಒಗರು ಹೆಚ್ಚಿದ್ದರೆ ಖಾರ ಇನ್ನೂ ಉರಿಯುತ್ತದೆ. ಮೀನಿನ ಜೊತೆ ಕೆಲವು ಕೆಂಪು ವೈನ್ ಕಬ್ಬಿಣದ ರುಚಿ ಕೊಡುತ್ತದೆ. ಕೊಬ್ಬಿರುವ ಮಟನ್ ಜೊತೆ ಅದೇ ಒಗರು ಮೆತ್ತಗಾಗುತ್ತದೆ. ಬರೀ ಕುಡಿದಾಗ ಗೆದ್ದ ವೈನ್ ಮೀನು ಸಾರಿನ ಮುಂದೆ ಸೋಲಬಹುದು.

ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನ ಮತ್ತೆ ಅಂಕ ಹಾಕಿ. ಬಹಳ ಇಳಿದರೆ ಗ್ಲಾಸ್ ಲೆಕ್ಕದಲ್ಲಿ ಮಾರಬೇಡಿ, ಪೂರ್ತಿ ಬಾಟಲಿ ಮಾತ್ರ ಕೊಡಿ. ಸರಾಸರಿ 15 ದಾಟಿದರೆ ಮೆನುವಿಗೆ ಹಾಕಿ. 12ಕ್ಕಿಂತ ಕಡಿಮೆ ಬಂದರೆ ಎಷ್ಟೇ ಅಗ್ಗವಾದರೂ ಬೇಡ.

ಕೇರಳದಲ್ಲಿ ಖರೀದಿ ಬೆವ್ಕೊ ಮೂಲಕವೇ ಆಗಬೇಕು. ಆ ಬ್ರಾಂಡ್ ಅಲ್ಲಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. 23 ವರ್ಷ ತುಂಬದವರಿಗೆ ಕೊಡುವಂತಿಲ್ಲ.

ಅಂಕದ ಹಾಳೆಯಲ್ಲಿ ಬಾಟಲಿಯ ಮೇಲಿನ ವರ್ಷವನ್ನೂ ಬರೆದು ಫೈಲ್ ಮಾಡಿ. ವರ್ಷ ಬದಲಾದ ಬಾಟಲಿ ಬಂದರೆ ಹಳೆಯ ಅಂಕ ನಂಬದೆ ಮತ್ತೆ ರುಚಿ ನೋಡಿ.